ಎಡಭುಜದ ಎರಡನೇ ಉಸಿರು

ಆಪಾಳ ಬಾಯಿಯ ಎರಡೂ ತುದಿಗಳಲ್ಲಿ ಚರ್ಮ ಸೀಳಿ ಬೆಳ್ಳಗಾಗಿರುತ್ತಿತ್ತು. ಉಪ್ಪು ನೀರು, ನೀರಿನಡಿ ಉಸಿರಾಡಲು ಹೊತ್ತುಗಟ್ಟಲೆ ಹಲ್ಲಲ್ಲಿ ಕಚ್ಚಿಕೊಂಡಿರಬೇಕಾದ ರಬ್ಬರು, ಎರಡೂ ಸೇರಿ ಮಾಡಿದ ಗಾಯ ಅದು. ಮಾಯುವಷ್ಟರಲ್ಲಿ ಮತ್ತೆ ಬಿರಿಯುತ್ತಿತ್ತು. ಜೋರಾಗಿ ನಕ್ಕರೆ ರಕ್ತ ಜಿನುಗುತ್ತದೆಂದು ತುಟಿ ಒತ್ತಿಕೊಂಡೇ ನಗುತ್ತಿದ್ದಳು. ಊಟಕ್ಕೆ ಕೂತಾಗ ಸಾರಿನ ಖಾರ ಅಲ್ಲಿ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಖಾರ ಕಡಿಮೆ ಮಾಡಿಕೊಂಡವಳಲ್ಲ.

ಗೋವೆಯ ಸಡಾದ ಗುಡ್ಡದಲ್ಲಿ ನಮ್ಮ ಸಾಲಿನ ಕೊನೆಯ ಮನೆ ಅವಳದು. ನಮ್ಮವರು ಬಾದಾಮಿ ಕಡೆಯಿಂದ, ಅವಳ ಮನೆಯವರು ಮುದ್ದೇಬಿಹಾಳದ ಕಡೆಯಿಂದ, ಬಂದರಿನ ದುಡಿಮೆಗೆಂದು ಬಂದು ಇಲ್ಲಿಯೇ ನಿಂತವರು. ಜಾತಿ ಧರ್ಮ ಅನ್ನದೆ ಓಣಿಗೆಲ್ಲ ಅವಳು ಆಪಾ, ಅಕ್ಕ. ಗಂಡ ಹಡಗಿನ ತಳ ಕೆರೆಯುವ ಕೆಲಸದವನು. ಲಂಗರು ಹಾಕಿ ನಿಂತ ಹಡಗುಗಳ ಹೊಟ್ಟೆಗೆ ಅಂಟಿದ ಚಿಪ್ಪು, ಪಾಚಿ ಕೆರೆದು ತೆಗೆಯಲು ನೀರಿಗಿಳಿಯುತ್ತಿದ್ದ. ಬೆನ್ನಿಗೆ ಟ್ಯಾಂಕ್ ಇಲ್ಲ. ದೋಣಿಯ ಮೇಲಿನ ಕಂಪ್ರೆಸರ್‌ನಿಂದ ಒಂದು ಪೈಪು, ಅದರ ತುದಿ ಬಾಯಲ್ಲಿ. ಒಂದು ದಿನ ಕಂಪ್ರೆಸರ್ ನಿಂತಿತು. ಹಗ್ಗ ಜಗ್ಗಿ ಮೇಲೆ ತರುವಷ್ಟರಲ್ಲಿ ಮುಗಿದಿತ್ತು. ಮಕ್ಕಳಿರಲಿಲ್ಲ; ಅತ್ತೆ ಸೊಸೆ ಇಬ್ಬರೇ ಉಳಿದರು.

ಪ್ರವಾಸಿಗರನ್ನು ಸಮುದ್ರದಡಿಗೆ ಕರೆದೊಯ್ದು ಮೀನು, ಹವಳ, ಮುಳುಗಿದ ಹಳೇ ಹಡಗು ತೋರಿಸುವ ಅಂಗಡಿಯೊಂದು ಬೈನಾ ಕಡಲತೀರದ ಕಡೆ ಇತ್ತು. ಆಪಾ ಅಲ್ಲಿ ರಬ್ಬರಿನ ಉಡುಪು ತೊಳೆಯುವ ಕೆಲಸಕ್ಕೆ ಸೇರಿದಳು. ಕೆಲವು ವರ್ಷ ತೊಳೆದಳು. ಆಮೇಲೆ ಈಜು ಕಲಿತಳು, ಮುಳುಗುವುದನ್ನು ಕಲಿತಳು, ಪರೀಕ್ಷೆ ಮುಗಿಸಿ ಗೈಡ್ ಆದಳು. ಗಂಡನನ್ನು ನುಂಗಿದ ನೀರಿಗೇ ಹೋಗುತ್ತಾಳಲ್ಲ ಎಂದು ಓಣಿ ಆಡಿಕೊಂಡಿತು. ನಾನು ಒಮ್ಮೆ ನೇರವಾಗಿ ಕೇಳಿದ್ದೆ.

"ಅಂವ ದಿನಾ ಕೆಳಗ ಏನ್ ನೋಡ್ತಿದ್ದ ಅಂತ ನೋಡಬೇಕಿತ್ತು ನನಗ" ಎಂದಳು. "ನೋಡಿದೆ. ಹಡಗಿನ ತಳದಾಗ ಏನೂ ಇಲ್ಲ ತಂಗಿ. ಬರೇ ಹಸರ ನೀರು."

ನಾನು ಕಾಲೇಜು ಮುಗಿಸಿ ಅದೇ ಅಂಗಡಿಯ ಕೌಂಟರಿನಲ್ಲಿ ಫೋನು ಎತ್ತುತ್ತಿದ್ದೆ. ನನ್ನನ್ನು ನೀರಿಗೆ ಇಳಿಸಿದವಳು ಆಪಾ. ಮಾಲೀಕರ ಮುಂದೆ ನಿಂತು, "ಪಾತ್ರಾಂವ್, ಹೆಣ್ಮಕ್ಕಳು ಬಂದ್ರ ಜೊತಿಗೆ ಹೋಗಾಕ ಇನ್ನೊಬ್ಬಾಕಿ ಬೇಕ್ರಿ, ಈಕಿನ್ನ ನನಗ ಕೊಡ್ರಿ" ಎಂದು ಕೇಳಿ ಪಡೆದಳು. ಮಾಲೀಕರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದೆವು, ಪಾತ್ರಾಂವ್ ಎಂದು; ಗೋವೆಯ ಮಾತಿನಲ್ಲಿ ಯಜಮಾನ.

ನೀರಿನಡಿಯ ಉಸಿರಿನ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬೆನ್ನಿನ ಟ್ಯಾಂಕಿನಿಂದ ಬಾಯಿಗೆ, ಉಸಿರೆಳೆದಷ್ಟೇ ಗಾಳಿ ಬಿಡುವ ಒಂದು ರೆಗ್ಯುಲೇಟರ್ ಬರುತ್ತದೆ. ಆಪತ್ತಿಗೆಂದು ಇನ್ನೊಂದು ಹೆಚ್ಚಿನದು ಪಕ್ಕದಲ್ಲಿ ಜೋತಾಡುತ್ತದೆ. ಇವಲ್ಲದೆ ತೊಟ್ಟ ಜಾಕೆಟ್ಟಿಗೆ ಗಾಳಿ ತುಂಬಲು ಎಡಭುಜದ ಮೇಲಿಂದ ಮತ್ತೊಂದು ಪೈಪು. ಗಾಳಿ ತುಂಬಿದರೆ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಜಾಕೆಟ್ಟಿನ ಪೈಪು ಮತ್ತು ಆಪತ್ತಿನ ರೆಗ್ಯುಲೇಟರ್ ಎರಡನ್ನೂ ಒಂದೇ ತುಂಡಿನಲ್ಲಿ ಸೇರಿಸಿದ ಸಾಧನವೂ ಸಿಗುತ್ತದೆ. ನಾವು ಅದನ್ನು 'ಜೋಡಿ' ಅನ್ನುತ್ತಿದ್ದೆವು. ಒಂದು ಪೈಪು ಕಡಿಮೆ. ಮುಳುಗಿದ ಹಡಗಿನ ತುಕ್ಕಿಗೆ ಸಿಕ್ಕಿಕೊಳ್ಳುವುದಿಲ್ಲ. ಸದಾ ಎದೆಯ ಹತ್ತಿರವೇ ಇರುವುದರಿಂದ ಹುಡುಕಬೇಕಿಲ್ಲ. ಆದರೆ ಅದರ ಪೈಪು ಗಿಡ್ಡ. ಬೇರೆಯವರ ಬಾಯಿಗೆ ಕೊಡಲಾಗದು. ಗಾಳಿ ಮುಗಿದವರಿಗೆ ನಿಮ್ಮ ಬಾಯಲ್ಲಿರುವುದನ್ನೇ ತೆಗೆದು ಕೊಟ್ಟು, ನೀವು ಭುಜದ ಮೇಲಿನದನ್ನು ಕಚ್ಚಿಕೊಳ್ಳಬೇಕು.

ಪಾತ್ರಾಂವ್ ಜೋಡಿ ತರಿಸಲು ಹೊರಟಾಗ ಆಪಾ ಸುಮ್ಮನೆ ಒಪ್ಪಲಿಲ್ಲ. ನೋಡಲೆಂದು ಬಂದ ಮಾದರಿಗಳನ್ನು ಒಂದೊಂದಾಗಿ ತೊಟ್ಟು ಕೊಳದಲ್ಲಿ ಮುಳುಗಿ, ಕಣ್ಣು ಮುಚ್ಚಿ ಗುಂಡಿಗಳನ್ನು ತಡವಿದಳು. ಒಂದರಲ್ಲಿ ಗಾಳಿ ತುಂಬುವ ಗುಂಡಿ ಮತ್ತು ಬಾಯೊಳಗಿನ ನೀರು ಹೊರದಬ್ಬುವ ಗುಂಡಿ ಬೆರಳಿಗೆ ಒಂದೇ ಥರ ತಾಗುತ್ತಿದ್ದವು. ಅದನ್ನು ಪಕ್ಕಕ್ಕಿಟ್ಟಳು. ಇನ್ನೊಂದರಲ್ಲಿ ತಲೆ ತಿರುಗಿಸಿದರೆ ಉಸಿರು ಬಿಗಿಯಾಗುತ್ತಿತ್ತು, ಅದನ್ನೂ ಇಟ್ಟಳು. ಕೊನೆಗೆ ಒಂದನ್ನು ಒಪ್ಪಿ, "ಗೈಡ್‌ಗಳಿಗೆ ಅಷ್ಟ ಹಾಕ್ರಿ, ಮಂದಿಗೆ ಬ್ಯಾಡ. ಬಾಯಿ ಪೈಪ್ ಉದ್ದಂದು ತರಸ್ರಿ" ಎಂದಳು.

"ಇಷ್ಟ್ಯಾಕ ಹೆದರ್ತೀ?" ಎಂದರು ಅವರು. ಗೋವೆಯವರಾದರೂ ನಮ್ಮೊಂದಿಗಿದ್ದು ನಮ್ಮ ಮಾತು ಕಲಿತಿದ್ದರು.

"ಎರಡೂ ಒಂದ ಪೈಪಿನ ಮ್ಯಾಲ ನಿಂತಾವ್ರಿ. ಆ ಪೈಪ್ ಕೆಟ್ಟರ ಜಾಕೆಟ್ಟೂ ಹೋತು, ಉಸರೂ ಹೋತು."

ಅಷ್ಟು ಗೊತ್ತಿದ್ದೂ ಅದನ್ನು ಒಪ್ಪಿದ್ದೇಕೆ? ಗಂಡನಿಗೆ ಎರಡನೆಯದೆಂಬುದೇ ಇರಲಿಲ್ಲ. ಜೋತಾಡುತ್ತ ಬೆನ್ನ ಹಿಂದೆ ಸೇರಿಕೊಂಡು ಬೇಕಾದಾಗ ಕೈಗೆ ಸಿಗದ ಎರಡನೆಯದನ್ನು ಅವಳು ನಂಬುತ್ತಿರಲಿಲ್ಲ. ಕಣ್ಣ ಕೆಳಗೇ ಇರುವುದನ್ನು ನಂಬಿದಳು.

ಕಲಿಸುವಾಗ ಅವಳಿಗೆ ಕರುಣೆ ಇರಲಿಲ್ಲ. ಮಂಕು ನೀರಿನಲ್ಲಿ ಮೀನು ನೋಡುತ್ತ ಹೋಗುತ್ತಿದ್ದರೆ ಹಿಂದಿನಿಂದ ಬಂದು ನನ್ನ ಬಾಯಲ್ಲಿದ್ದುದನ್ನು ಕಿತ್ತುಕೊಳ್ಳುತ್ತಿದ್ದಳು. ಹೇಳುವುದಿಲ್ಲ, ಸನ್ನೆ ಮಾಡುವುದಿಲ್ಲ. ಮೊದಲ ಸಲ ನಾನು ನೀರು ಕುಡಿದು ಅವಳ ಕೈಯನ್ನೇ ಕಚ್ಚಿದೆ. ಮೇಲೆ ಬಂದು ದೋಣಿಯ ಅಂಚು ಹಿಡಿದು ಅತ್ತೆ, ಬೈದೆ.

"ಹೇಳಿ ಕಸಗೋಬಾರದೇನು?"

"ಸಾಯಾವ್ರು ಹೇಳಿ ಕಸಗೊಳ್ಳೂದಿಲ್ಲ ಬೇ" ಎಂದಳು. "ಬಾಯಾಗಿಂದು ಅವರಿಗೆ, ಭುಜದ ಮ್ಯಾಲಿಂದು ನಿನಗ. ಇಷ್ಟ ನೆಪ್ಪಿಟ್ಕೋ. ಬಾಕಿದ್ದು ಮರತರೂ ನಡೀತದ."

ಆ ಸೀಸನ್ನು ಮುಗಿಯುವ ಹೊತ್ತಿಗೆ ನನ್ನ ಕೈ ನಿದ್ದೆಯಲ್ಲೂ ಎಡಭುಜಕ್ಕೆ ಹೋಗುತ್ತಿತ್ತು. ದೋಣಿಯಿಂದ ಇಳಿದಾಗ ನನ್ನ ತುಟಿಗಳ ತುದಿಗೂ ತನ್ನ ಡಬ್ಬಿಯ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಅವಳ ಅಂತಃಕರಣ ಕಾಣುತ್ತಿದ್ದುದು ಅಷ್ಟರಲ್ಲಿ ಮಾತ್ರ.

ನಾನು ನೀರಿಗಿಳಿಯತೊಡಗಿದ ನಾಲ್ಕನೇ ವರ್ಷದ ಮೇ ತಿಂಗಳು. ಮಳೆಗಾಲಕ್ಕೆ ಅಂಗಡಿ ಮುಚ್ಚುವ ಮುಂಚಿನ ದಿನಗಳು. ನನ್ನ ಜಾಕೆಟ್ಟಿನ ಜೋಡಿಯ ಗಾಳಿ ತುಂಬುವ ಗುಂಡಿ ಒತ್ತಿದರೆ ತಡವಾಗಿ ಹಿಂದೆ ಬರುತ್ತಿತ್ತು. ಆಪಾಳಿಗೆ ಹೇಳಿದೆ. ಅವಳು ಬಿಸಿನೀರಿನಲ್ಲಿ ನೆನೆಹಾಕಿ, ವಿನೆಗರ್ ಬಿಟ್ಟು ತೊಳೆದು, ಪಾತ್ರಾಂವ್‌ಗೆ ತೋರಿಸಿದಳು. ಮಳೆಗಾಲದಲ್ಲಿ ಎಲ್ಲವನ್ನೂ ಬಿಚ್ಚಿ ರಿಪೇರಿ ಮಾಡಿಸುವುದೇ ಇದೆ, ಇನ್ನೇನು ಕೆಲವೇ ದಿನ ಎಂದರು ಅವರು. ಅವತ್ತು ಗಂಡ ಹೆಂಡತಿ ಇಬ್ಬರು ಹಿಂದಿ ಮಾತಾಡುವ ಪ್ರವಾಸಿಗರು ಆಗಲೇ ಬಂದು ಕೂತಿದ್ದರು. ದೋಣಿ ಹೊರಟ ಮೇಲೆ ಆಪಾ ತನ್ನ ಜಾಕೆಟ್ ಬಿಚ್ಚಿ ನನ್ನ ತೊಡೆಯ ಮೇಲೆ ಹಾಕಿದಳು.

"ನಿಂದು ಇತ್ತ ಕೊಡು. ನಂದು ನೀ ಹಾಕ್ಕೋ."

"ಆಪಾ, ಅದು ಅಂಟತೈತಿ."

"ಗೊತ್ತೈತಿ. ಅದರ ಚಾಳಿ ನನಗ ಗೊತ್ತೈತಿ."

ದೋಣಿಯ ಬಕೆಟ್ಟಿನಲ್ಲಿ ಮುಳುಗಿಸಿ ಮತ್ತೆ ಮತ್ತೆ ಒತ್ತಿ ನೋಡಿದಳು. ಪ್ರತಿ ಸಲವೂ ಗುಂಡಿ ಹಿಂದೆ ಬಂತು.

ಕೆಳಗೆ ನೀರು ಕಲಕಿತ್ತು. ಹೆಂಡತಿ ನನ್ನ ಜೊತೆ, ಗಂಡ ಆಪಾಳ ಜೊತೆ, ಮುಳುಗಿದ ಹಡಗಿನ ಪಕ್ಕದಲ್ಲಿ ಸಾಗುತ್ತಿದ್ದೆವು. ಆತ ಗಾಬರಿಯಿಂದ ಬೇಗ ಬೇಗ ಉಸಿರಾಡುತ್ತಿದ್ದ. ಆಪಾ ಅವನ ಗಾಳಿಯ ಮೀಟರು ನೋಡಿ ಮೇಲೆ ಹೋಗುವ ಸನ್ನೆ ಮಾಡಿದಳು. ಅಷ್ಟರಲ್ಲಿ ಅವನ ರೆಗ್ಯುಲೇಟರ್ ಕೆಟ್ಟು ಗಾಳಿ ಭೋರೆಂದು ಸೋರಿ, ಟ್ಯಾಂಕ್ ಬರಿದಾಗತೊಡಗಿತು. ಗುಳ್ಳೆಗಳ ಮಧ್ಯೆ ಆತ ಅವಳ ಮೇಲೆ ಬಿದ್ದ. ಅವಳು ಬಾಯಲ್ಲಿದ್ದುದನ್ನು ತೆಗೆದು ಅವನ ಬಾಯಿಗಿಟ್ಟು, ಭುಜದ ಮೇಲಿನದನ್ನು ಕಚ್ಚಿಕೊಂಡಳು. ನನಗೆ ಕಲಿಸಿದ ಹಾಗೆಯೇ. ಇಬ್ಬರೂ ನಿಧಾನ ಮೇಲೇಳತೊಡಗಿದರು. ನಾನೂ ಆತನ ಹೆಂಡತಿಯ ಜಾಕೆಟ್ಟಿನ ಪಟ್ಟಿ ಹಿಡಿದು ಅತ್ತ ಹೊರಟೆ.

ಆಗ ಅವಳ ಜಾಕೆಟ್ ಉಬ್ಬುವುದು ಕಂಡಿತು. ಏರುವುದನ್ನು ಸರಿಹೊಂದಿಸಲು ಒಮ್ಮೆ ಒತ್ತಿದ್ದ ಗುಂಡಿ ಹಿಂದೆ ಬಂದಿರಲಿಲ್ಲ. ಗಾಳಿ ತುಂಬುತ್ತಲೇ ಇತ್ತು. ಹಾಗೆಯೇ ಬಿಟ್ಟರೆ ಇಬ್ಬರೂ ಚಿಮ್ಮಿ ಮೇಲೆ ಹೋಗುತ್ತಾರೆ. ಏರುವಾಗ ಒಳಗಿನ ಗಾಳಿ ಹಿಗ್ಗಿ, ಹೆದರಿ ಉಸಿರು ಕಟ್ಟಿಕೊಂಡ ಆತನ ಪುಪ್ಪುಸ ಒಡೆಯುತ್ತದೆ. ಗಾಳಿ ಹೊರಬಿಡುವ ದಾರ ಬೆನ್ನ ಕೆಳಗೆ ಬಲಗಡೆ ಇತ್ತು. ಬಲಗೈಯ ಮಣಿಕಟ್ಟನ್ನು ಆತ ಹಿಡಿದಿದ್ದ. ಎಡಗೈಯಿಂದ ಅವಳು ಜೋಡಿಯ ಪೈಪನ್ನೇ ಕಳಚಿದಳು. ಗಾಳಿ ತುಂಬುವುದು ನಿಂತಿತು. ಅದರೊಂದಿಗೆ ಅವಳ ಉಸಿರೂ ನಿಂತಿತು.

ಅವನನ್ನು ಬಿಟ್ಟು ಒಬ್ಬಳೇ ಮೇಲೆ ಹೋಗುವ ಹಾಗಿರಲಿಲ್ಲ. ಆತ ಉಸಿರಾಡುತ್ತಿದ್ದುದು ಅವಳ ಬೆನ್ನಿನ ಟ್ಯಾಂಕಿನಿಂದ. ಬಾಯಲ್ಲಿದ್ದುದನ್ನು ಒಂದು ಉಸಿರಿಗಾಗಿ ಕೊಡು ಎಂದು ಸನ್ನೆ ಮಾಡಿದಳು. ಆತ ಅದನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ. ಅವಳು ಕಿತ್ತುಕೊಳ್ಳಲಿಲ್ಲ. ಕಳಚಿದ ಪೈಪನ್ನು ಮತ್ತೆ ಸಿಕ್ಕಿಸಿ ಒಂದು ಉಸಿರು ಎಳೆದುಕೊಂಡಳು, ಜಾಕೆಟ್ ಉಬ್ಬಿತು, ಮತ್ತೆ ಕಳಚಿ, ತುಂಬಿದ್ದಷ್ಟನ್ನು ಭುಜದ ಕಡೆಯಿಂದ ಹೊರಬಿಟ್ಟಳು. ಇನ್ನೊಮ್ಮೆ ಸಿಕ್ಕಿಸಲು ನೋಡಿದಾಗ ಕೈ ತಪ್ಪಿತು. ನಾನು ತಲುಪಿ ನನ್ನ ಬಾಯಲ್ಲಿದ್ದುದನ್ನು ಅವಳ ಬಾಯಿಗೆ ಒಡ್ಡಿದಾಗ ಹಲ್ಲು ಕಚ್ಚಿಹೋಗಿದ್ದವು. ನೀರಿನ ಮೇಲ್ಭಾಗ ಬೆಳ್ಳಗೆ ತಲೆಯ ಮೇಲೆಯೇ ಕಾಣುತ್ತಿತ್ತು.

ದೋಣಿಯ ಮೇಲೆ ನಾನು ಅವಳ ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ಕೆಮ್ಮಿದಳು. ನೀರು, ನೊರೆ ಬಂತು. ಉಸಿರು ಬಂತು. ಬದುಕಿದಳು ಎಂದುಕೊಂಡು ನಾನು ಗಟ್ಟಿಯಾಗಿ ಅತ್ತೆ.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಪುಪ್ಪುಸದಲ್ಲಿ ಸೇರಿದ ಉಪ್ಪು ನೀರು ಸೋಂಕಾಗಿ ದಿನದಿಂದ ದಿನಕ್ಕೆ ಉಸಿರು ಭಾರವಾಯಿತು. ಮೊದಲು ಎಚ್ಚರಾದಾಗ ಕೇಳಿದ್ದು, "ಅಂವ ಹೆಂಗದಾನ?"

"ಚಲೋ ಅದಾನ ಆಪಾ. ಏನೂ ಆಗಿಲ್ಲ."

"ಆ ಗುಂಡಿ ಬಿಚ್ಚಿ ನೋಡಿದ್ರೇನು?"

ಬಿಚ್ಚಿದ್ದರು. ಒಳಗಿನ ಸ್ಪ್ರಿಂಗಿನಲ್ಲಿ ಉಪ್ಪು ಹೆಪ್ಪುಗಟ್ಟಿ ತುಕ್ಕು ಹಿಡಿದಿತ್ತು. ಹೇಳಿದೆ. ಕಣ್ಣು ಮುಚ್ಚಿಕೊಂಡಳು.

"ಅವತ್ತು ನೀರಿಗೆ ಇಳೀಬಾರದಿತ್ತು" ಎಂದಳು. "ಹೋಗೂದಿಲ್ಲ ಅಂದ್ರ ಪಾತ್ರಾಂವ್ ಬಯ್ತಿದ್ರು, ಅಷ್ಟ. ನನ್ನ ತಪ್ಪು ಅದು. ಯಾರರ ಕೇಳಿದ್ರ ಹಂಗ ಹೇಳು."

ಅದು ಅವಳು ನನ್ನೊಂದಿಗೆ ಆಡಿದ ಕೊನೆಯ ಉದ್ದದ ಮಾತು. ಒಂದು ಮಧ್ಯಾಹ್ನ ತೀರಿಕೊಂಡಳು. ಅವಳ ಅತ್ತೆ ಗೋಡೆಗೊರಗಿ ಕೂತಿದ್ದರು, ಅಳಲಿಲ್ಲ. ಮಗನಿಗಾಗಿ ಅತ್ತು ಮುಗಿಸಿದ್ದರೋ ಏನೋ.

ಮಳೆ ಹಿಡಿದ ಮೇಲೆ ಆ ಪ್ರವಾಸಿ ಒಬ್ಬನೇ ಸಡಾಕ್ಕೆ ಬಂದ. ಅತ್ತೆಯ ಮುಂದೆ ಕೂತು ಹಿಂದಿಯಲ್ಲಿ ಏನೇನೋ ಹೇಳಿ ಅತ್ತ. ಅವನ ಮಾತಿನ ಓಟ ಅವರಿಗೆ ಹಿಡಿಯದೆಂದು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅತ್ತೆ ಕೇಳಿದ್ದು ಒಂದೇ ಮಾತು.

"ನೀರಾಗ ಆಕಿ ಮಾರಿ ನೋಡಿದ್ರೇನು?"

ನೋಡಿದೆ ಎಂದ ಆತ. ತನ್ನ ಮುಖದ ಎದುರೇ ಮುಖ ಹಿಡಿದಿದ್ದಳು, ಕೈಯನ್ನು ತುಟಿಯಿಂದ ಹೊರಗೆ ಹೊರಗೆ ಆಡಿಸುತ್ತಿದ್ದಳು ಎಂದ. ಅದರ ಅರ್ಥ ಅವನಿಗೆ ಮೊದಲಿಗೆ ತಿಳಿದಿರಲಿಲ್ಲ. ಏರುವಾಗ ಉಸಿರು ಕಟ್ಟಬೇಡ, ನಿಧಾನ ಬಿಡು ಎಂಬ ಸನ್ನೆ ಅದು. ಅದನ್ನು ನೋಡಿ ನೋಡಿ ತಾನೂ ಹಾಗೆಯೇ ಉಸಿರು ಬಿಟ್ಟೆ ಎಂದ.

ಅವನು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದರು. "ನೀನೂ ಅಲ್ಲೇ ಇದ್ದಿ. ಖರೇ ಹೇಳು. ಹೆದರಿದ್ಲೇನು?"

ಇಲ್ಲ ಎನ್ನಬಹುದಿತ್ತು. ಮುದುಕಿಗೆ ಅಷ್ಟು ಸಮಾಧಾನ ಕೊಡಬಹುದಿತ್ತು. ಆದರೆ ಅವಳ ಮುಖಗವಸಿನ ಗಾಜಿನ ಹಿಂದಿನ ಕಣ್ಣುಗಳನ್ನು ನಾನು ನೋಡಿದ್ದೆ.

"ಭಾಳ ಹೆದರಿದ್ಲು ಅಜ್ಜಿ" ಎಂದೆ. "ಹೆದರಕೋಂತನ ಅವಗ ಉಸರು ಬಿಡೂದು ತೋರಸಾಕತ್ತಿದ್ಲು."

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು, "ನೀ ಮತ್ತ ನೀರಿಗೆ ಹೋಗ್ತೀಯೇನು?"

"ಹೋಗ್ತೇನ್ರಿ."

ಬೇಡ ಎನ್ನಲಿಲ್ಲ. ಎದ್ದು ಚಹಾ ಇಟ್ಟರು.

ಅಕ್ಟೋಬರಿನಲ್ಲಿ ಅಂಗಡಿ ಮತ್ತೆ ತೆರೆಯಿತು. ಜೋಡಿಗಳನ್ನು ತೆಗೆದು ಬಿಸಾಡೋಣವೇ ಎಂದು ಪಾತ್ರಾಂವ್ ಕೇಳಿದರು. ಬೇಡ ಎಂದೆ. ಸಾಧನದ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಯಾವುದನ್ನು ನೀರಿಗಿಳಿಸಬೇಕು ಎಂಬುದನ್ನು ಇನ್ನು ಮೇಲೆ ನಾನೇ ಹೇಳುವವಳು ಎಂದೆ. ಅವರು ತಲೆ ತಗ್ಗಿಸಿ ಒಪ್ಪಿದರು.

ಹೋದ ಚಳಿಗಾಲದಲ್ಲಿ ಒಂದು ದಿನ ದೋಣಿ ತುಂಬ ಜನ. ಸಮುದ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು. ನಾವು ಮುಳುಗುವ ದ್ವೀಪದ ಹತ್ತಿರ ಲಂಗರು ಹಾಕಿದ ಮೇಲೆ ನನ್ನ ಜಾಕೆಟ್ಟಿನ ಗುಂಡಿ ಒತ್ತಿದೆ. ಒಮ್ಮೆ, ಒಂದೇ ಒಮ್ಮೆ, ತಡವಾಗಿ ಹಿಂದೆ ಬಂತು. ಮತ್ತೆ ಒತ್ತಿದರೆ ಸರಿಯಾಗಿಯೇ ಇತ್ತು. ನನ್ನ ಜೊತೆಯ ಗೈಡ್ ಒಬ್ಬನೇ ಅಷ್ಟು ಜನರನ್ನು ಕರೆದೊಯ್ಯುವ ಹಾಗಿರಲಿಲ್ಲ. ನಾನು ಜಾಕೆಟ್ ಬಿಚ್ಚಿ ಕೆಳಗಿಟ್ಟು, ಇವತ್ತು ಯಾರೂ ನೀರಿಗಿಳಿಯುವುದಿಲ್ಲ ಎಂದೆ. ಒಬ್ಬಾತ ಕೂಗಾಡಿದ. ಇನ್ನೊಬ್ಬಳು ಅಷ್ಟು ದೂರದಿಂದ ಬಂದದ್ದು ಇದಕ್ಕೇನಾ ಎಂದು ಕಣ್ಣೀರು ಹಾಕಿದಳು. ಪಾತ್ರಾಂವ್‌ಗೆ ಫೋನಿನಲ್ಲಿ ಗುಂಡಿಯ ಸಂಗತಿ ಹೇಳಿದೆ. "ವಾಪಸ್ ಬಾ" ಎಂದರು.

ದೋಣಿ ತಿರುಗಿತು. ದಡ ಮುಟ್ಟಿತು. ಚಪ್ಪಲಿ ಕೈಯಲ್ಲಿ ಹಿಡಿದು, ಬೈಯುತ್ತ, ಒಬ್ಬೊಬ್ಬರಾಗಿ ಮರಳಿಗೆ ಇಳಿದರು. ಅವತ್ತು ದೋಣಿಯಲ್ಲಿದ್ದವರೆಲ್ಲ ಮನೆಗೆ ಹೋದರು.