ಎದ್ದು ನಿಂತ ಕರಡಿಗೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನನ್ನದು ಪ್ರಯೋಗಾಲಯದ ಕೆಲಸ. ಜೀವಕೋಶಗಳಿಂದ ಎಲುಬಿನ ಪುಟ್ಟ ಮಾದರಿ ಬೆಳೆಸುತ್ತೇವೆ. ಅದರ ಜೊತೆ ಕ್ಯಾನ್ಸರ್ ಕೋಶಗಳನ್ನು ಸೇರಿಸಿ, ಸದಾ ತಿರುಗುವ ಡಬ್ಬಿಯಲ್ಲಿಡುತ್ತೇವೆ. ಬಾಹ್ಯಾಕಾಶದಲ್ಲಿದ್ದಂತೆ ಅವುಗಳಿಗೆ ತೂಕವೇ ತಿಳಿಯಬಾರದು. ಆಗ ರೋಗ ಹೇಗೆ ಹಬ್ಬುತ್ತದೆ ಎಂದು ನೋಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮಸ್ಕಿಯ ನನ್ನ ಚಿಗವ್ವನಿಗೆ, ಅವ್ವನ ತಂಗಿಗೆ, ಎದೆಯ ಕ್ಯಾನ್ಸರ್ ಆಪರೇಶನ್ ಆಗಿತ್ತು. ಬೇರೆಡೆ ಹಬ್ಬಿದೆಯೇ ಎಂದು ತಿಳಿಯಲು ಸ್ಕ್ಯಾನ್ ಆಗಬೇಕು. ಅದಕ್ಕೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಅವಳ ಕೊರಳಲ್ಲೋ, ಲಿಂಗವಿರುವ ಬೆಳ್ಳಿಯ ಕರಡಿಗೆ. "ಲಿಂಗ ಬಿಚ್ಚಿಟ್ಟು ನಾ ಒಳಗ ಹೋಗಂಗಿಲ್ಲ" ಎಂದು ಲಿಂಗಸುಗೂರಿನಲ್ಲಿ ಸ್ಕ್ಯಾನ್ ಕೋಣೆಯ ಬಾಗಿಲಿನಿಂದಲೇ ವಾಪಸು ಬಂದಿದ್ದಳು. ಹೇಗೋ ಪುಸಲಾಯಿಸಿ ಸಿಂಧನೂರಿಗೆ ಕರೆತಂದೆ.

ನಡು ಮಧ್ಯಾಹ್ನ. ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚಿತಷ್ಟೇ, ಕರೆಂಟ್ ಹೋಯಿತು. ಗುಂಡಿ ಒತ್ತಿದೆ, ಬಾಗಿಲು ಬಡಿದೆ, ಕೂಗಿದೆ. ಯಾರೂ ಬರಲಿಲ್ಲ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಸೆಕೆಗೆ ಉಸಿರು ಕಟ್ಟುತ್ತಿತ್ತು. ಅವಳು ಗಾಬರಿಯಾಗದಿರಲೆಂದು ನನ್ನ ಡಬ್ಬಿಯ ಸಂಗತಿ ಹೇಳತೊಡಗಿದೆ.

"ಹಂಗಾದ್ರ ಅವೂ ನಮ್ಮಂಗ ಒಳಗ ಸಿಕ್ಕೊಂಡಾವ ಅನ್ನು" ಎಂದಳು.

ಮೊಬೈಲ್ ಬೆಳಕಿನಲ್ಲಿ ಅದನ್ನು ಕಂಡದ್ದು ಆಗಲೇ. ಅವಳ ಎದೆಯ ಮೇಲಿನ ಕರಡಿಗೆ ಮೆಲ್ಲಗೆ ಎದ್ದು, ಗದ್ದದ ಹತ್ತಿರ ತೇಲುತ್ತ ನಿಂತಿತು. ದಾರ ಸಡಿಲವಾಗಿ ಗಾಳಿಯಲ್ಲಿತ್ತು. ನನ್ನ ಹೊಟ್ಟೆಯೂ ಹಗುರಾಯಿತು. ಲಿಫ್ಟ್ ಬೀಳುತ್ತಿದೆ, ಸತ್ತೆವು ಅಂದುಕೊಂಡೆ.

ಚಿಗವ್ವ ಹೆದರಲಿಲ್ಲ. ತನ್ನ ಬೆನ್ನಿಗೆ ಕೈ ಹಾಕಿ, ಸೊಂಟಕ್ಕಿಂತ ತುಸು ಮೇಲೆ ಬೆರಳೂರಿದಳು. "ಯವ್ವಾ, ಇಲ್ಲಿ ಬಂದು ಕುಂತೈತಿ ನೋಡು. ಈಗ ಗೊತ್ತಾತು."

ಕರೆಂಟ್ ಬಂತು. ಕರಡಿಗೆ ಎದೆಯ ಮೇಲೆ ಬಿತ್ತು. ಬಾಗಿಲು ತೆರೆದರೆ, ಹತ್ತಿದ ಕೆಳಮಹಡಿಯಲ್ಲೇ ಇದ್ದೆವು.

"ಲಿಫ್ಟ್ ಅಲುಗಾಡೇ ಇಲ್ರೀ ಮೇಡಂ" ಎಂದ ವಾಚ್‌ಮನ್. ಬೀಳುವ ಲಿಫ್ಟಿನಲ್ಲಾದರೆ ವಸ್ತುಗಳು ಹಾಗೆ ತೇಲಬಹುದು, ನಿಂತಿದ್ದರಲ್ಲಿ ಸಾಧ್ಯವೇ ಇಲ್ಲ. ಇಷ್ಟು ನನಗೆ ಗೊತ್ತು.

ಸ್ಕ್ಯಾನ್ ಕೋಣೆಯ ಮುಂದೆ ಚಿಗವ್ವ ತಾನಾಗಿಯೇ ಕರಡಿಗೆಯಿಂದ ಕಲ್ಲಿನ ಲಿಂಗವನ್ನು ತೆಗೆದು, ಪೂಜೆಯಲ್ಲಿ ಹಿಡಿಯುವಂತೆ ಅಂಗೈಯಲ್ಲಿ ಹಿಡಿದುಕೊಂಡಳು. "ಮೈಮ್ಯಾಲ ಐತಲ್ಲ, ಸಾಕು" ಎಂದು ಖಾಲಿ ಕರಡಿಗೆಯನ್ನು ನನಗೆ ಕೊಟ್ಟು ಒಳಗೆ ಹೋದಳು. ಸ್ಕ್ಯಾನಿನಲ್ಲಿ ಅವಳು ಬೆರಳಿಟ್ಟ ಎಲುಬಿನಲ್ಲೇ ರೋಗದ ಕಲೆ ಕಂಡಿತು. ಬೇರೆಲ್ಲೂ ಇರಲಿಲ್ಲ.

ಅಲ್ಲಿ ಮೊದಲೇ ನೋವಿದ್ದಿರಬಹುದು, ಗಾಬರಿಯಲ್ಲಿ ನನ್ನ ಕಣ್ಣು ಮೋಸಹೋಗಿರಬಹುದು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪಿಲ್ಲ.

ಚಿಕಿತ್ಸೆ ಇನ್ನೂ ನಡೆದಿದೆ. ಮಸ್ಕಿಗೆ ಹೋದಾಗೆಲ್ಲ ಅವಳು ಕೇಳುತ್ತಾಳೆ: "ನಿನ್ನ ಡಬ್ಬ್ಯಾಗಿನವು ಹೆಂಗದಾವ? ಬಾಗಿಲ ತಗದೀಯೇನು?"

ಪ್ರಯೋಗ ಮುಗಿಸಿ ತೆಗೆದ ದಿನ ಆ ಕೋಶಗಳು ಸಾಯುತ್ತವೆ. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. "ಇನ್ನೂ ಇಲ್ಲ ಚಿಗವ್ವ" ಅನ್ನುತ್ತೇನೆ.