ಬೀಗದಜ್ಜನ ಮನೆ ಹೊಕ್ಕ ದನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸತಿ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಒಬ್ಬ ನರ್ಸಮ್ಮ ತಮ್ಮದೇ ಮನೆಯ ಮುಚ್ಚಿದ ಬಾಗಿಲಿಗೆ ಒರಗಿ ಕೂತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದವರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಬಾಗಿಲಲ್ಲಿ ಕೀಲಿಯ ತೂತು ಕಾಣುವುದಿಲ್ಲ, ಕಪ್ಪು ಗಾಜಿನ ಒಂದು ಹಲಗೆಯಿದೆ. ಬೆರಳಿಟ್ಟರೆ ತೆರೆಯಬೇಕು. ಈ ಹೊತ್ತು ಅದು ಬೆರಳಿಗೂ ಬಗ್ಗಿಲ್ಲ, ಬೈಗುಳಕ್ಕೂ ಬಗ್ಗಿಲ್ಲ. ಒಳಗಿನ ಬ್ಯಾಟರಿ ಸತ್ತಿದೆ.

ಮೆಟ್ಟಿಲಲ್ಲಿ ಇಬ್ಬರ ಹೆಜ್ಜೆ ಸದ್ದಾಗುತ್ತದೆ. ಮುಂದೆ ಬರುವ ಮುದುಕರ ಹೆಗಲಲ್ಲಿ ಹಳೆಯ ಚೀಲ, ಕಂಕುಳಲ್ಲಿ ಮಡಚುವ ಸ್ಟೂಲು. ಅವರ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದಿರುವವರು ಅವರ ಹೆಂಡತಿ. ಸುತ್ತಲಿನ ನಾಲ್ಕಾರು ಬೀದಿಗಳ ಜನ ಈ ಮುದುಕರನ್ನು ಬೀಗದಜ್ಜ ಎಂದೇ ಕರೆಯುತ್ತಾರೆ. ಅಜ್ಜ ಮೊದಲು ಸ್ಟೂಲು ಬಿಡಿಸಿ ಹೆಂಡತಿಯನ್ನು ಕೂರಿಸುತ್ತಾರೆ, ಕೋಟಿನ ಗುಂಡಿ ಹಾಕುತ್ತಾರೆ, ಚೀಲವನ್ನು ಅವರ ಮಡಿಲಿಗೆ ಇಡುತ್ತಾರೆ. ಬೀಗದ ಕಡೆ ನೋಡುವುದು ಆಮೇಲೆ.

ಇವರು ಯಾರೆಂದು ನರ್ಸಮ್ಮ ಕೇಳುತ್ತಾರೆ.

"ನಮ್ಮ ಮಾಲೀಕರು. ಕೆಲಸ ಸರಿಯಾಗಿ ಮಾಡ್ತೀನೋ ಇಲ್ವೋ ನೋಡೋಕೆ ಬಂದಿದಾರೆ" ಎನ್ನುತ್ತಾರೆ ಅಜ್ಜ.

ಗಾಜಿನ ಹಲಗೆಯ ಕೆಳಗೆ ಒಂದು ಸಣ್ಣ ಮುಚ್ಚಳ ಇದೆ. ಅದರ ಹಿಂದೆ, ನಾಚಿಕೆಪಟ್ಟು ಅವಿತಂತೆ, ಹಳೇ ಮಾದರಿಯ ಕೀಲಿಯ ತೂತು. ಅದರ ಕೀಲಿಕೈ ಎಲ್ಲಿದೆ ಎಂದರೆ, ಮನೆಯೊಳಗೆ, ಮೇಜಿನ ಡ್ರಾಯರಿನಲ್ಲಿ, ಬೀಗ ಬಂದ ಡಬ್ಬಿಯಲ್ಲೇ ಭದ್ರವಾಗಿದೆ. ಅಜ್ಜ ನಗುವುದಿಲ್ಲ. ತಿಂಗಳಿಡೀ ಅವರು ಕೇಳುವ ಉತ್ತರವೇ ಅದು. ಅವರು ಹಿಂದಕ್ಕೆ ಕೈ ಚಾಚುತ್ತಾರೆ, ಬಾಯಿ ಬಿಟ್ಟು ಏನೂ ಕೇಳುವುದಿಲ್ಲ. ಸ್ಟೂಲಿನಲ್ಲಿ ಕೂತ ಅಜ್ಜಿ ಚೀಲದೊಳಗೆ ನೋಡದೆಯೇ ತುದಿ ಬಾಗಿದ ತಂತಿಯೊಂದನ್ನು ತೆಗೆದು ಆ ಕೈಗೆ ಇಡುತ್ತಾರೆ. ಬೇಕಾದದ್ದು ಅದೇ ತಂತಿ.

ಬೀಗ ಬಿಡುತ್ತದೆ. ಅಜ್ಜ ಬಾಗಿಲನ್ನು ಒಂದು ಬೆರಳಷ್ಟು ತಳ್ಳಿ, ಹಿಂದೆ ಸರಿದು, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮನೆಯವರು ಒಳಗೆ ಹೋದರೆಂದು ಸದ್ದಿನಿಂದ ತಿಳಿದ ಮೇಲೆಯೇ ಮುಖ ತಿರುಗಿಸುವುದು. ಅವರಿಗೆ ಕಸುಬು ಕಲಿಸಿದ ಮಾವ ಹಾಕಿಕೊಟ್ಟ ಕಟ್ಟಳೆ ಇದು. ಬೀಗ ತೆಗೆದವನ ಕಣ್ಣು ಇನ್ನೊಬ್ಬರ ಮನೆಯೊಳಗೆ ಹೋಗಬಾರದು. ಕಾಫಿಗೆ ಒಳಗೆ ಕರೆದರೂ ಅವರು ಹೋಗುವುದಿಲ್ಲ, ಹೊರಗೇ ಕುಡಿಯುತ್ತಾರೆ. "ಬೀಗದವನು ಬಂದ್ರೆ ಬೀಗರು ಬಂದ ಹಾಗೆ, ಕಾಫಿ ಕೊಡದೆ ಕಳಿಸಬಾರದು" ಎಂದು ತಮಾಷೆ ಮಾಡಿದರೂ ಹೊಸ್ತಿಲು ಮಾತ್ರ ದಾಟುವುದಿಲ್ಲ.

ಆ ಮಾವನ ಮಗಳೇ ಈಗ ಸ್ಟೂಲಿನಲ್ಲಿ ಕೂತಿರುವವರು. ಓದುವುದಕ್ಕೆ ಮೊದಲೇ ಅರ ಹಿಡಿದು ಕೀಲಿಕೈ ಉಜ್ಜಲು ಕಲಿತವರು. ಮದುವೆಯಾದ ಮೇಲೂ ಗಂಡ ಹೊರಗಿನ ಬೀಗ ನೋಡಿಕೊಂಡರೆ ಅಂಗಡಿಯಲ್ಲಿ ಕೂತು ಕೀಲಿಕೈ ಕತ್ತರಿಸುತ್ತಿದ್ದವರು ಇವರೇ. ಒಬ್ಬ ಮಗ, ಒಬ್ಬಳು ಮಗಳು. ಮಗನನ್ನು ಬಹಳ ವರ್ಷಗಳ ಹಿಂದೆ ರಸ್ತೆ ಅಪಘಾತವೊಂದರಲ್ಲಿ ದೇವರು ಕರೆದುಕೊಂಡ. ಮಗಳು ರೈಲಿನಲ್ಲಿ ಅರ್ಧ ದಿನದ ದೂರದಲ್ಲಿದ್ದಾಳೆ.

ಈಚಿನ ವರ್ಷಗಳಲ್ಲಿ ಅಜ್ಜಿಗೆ ಮರೆವು ಬಂದಿದೆ. ಮೊದಲು ವಾರಗಳ ಹೆಸರು ಹೋಯಿತು, ಆಮೇಲೆ ಬೀದಿಯ ಹೆಸರು, ಆಮೇಲೆ ಗಂಡ. ಒಂದು ಬೆಳಿಗ್ಗೆ ಅಜ್ಜ ಹಾಲು ಕಾಸಿ ತಂದುಕೊಟ್ಟಾಗ ಅವರು ಲೋಟ ಇಸಿದುಕೊಂಡು, "ಬೀಗದವರೇ, ಎಷ್ಟಾಯ್ತು?" ಎಂದು ಕೇಳಿದರು. ಅಂದಿನಿಂದ ಅಜ್ಜ ಅವರ ಪಾಲಿಗೆ ಮನೆಗೆ ಬಂದ ಕೆಲಸದವರು. ಪಾಪ, ಮರ್ಯಾದೆಗೆ ಮಾತ್ರ ಕೊರತೆ ಮಾಡಿಲ್ಲ.

ಹೆಸರು ಮರೆತರೂ ಕಾಲು ನಿಲ್ಲಲಿಲ್ಲ. ಅಜ್ಜ ಕೆಲಸಕ್ಕೆ ಹೋದಾಗ ಅಜ್ಜಿ ಬಾಗಿಲು ತೆರೆದು ಹೊರಟುಬಿಡುತ್ತಿದ್ದರು. ಅಜ್ಜ ತಮ್ಮ ಕೈಯಾರೆ ಒಂದು ಗಟ್ಟಿ ಬೀಗ ಮಾಡಿ ಹೊರಗಿನಿಂದ ಹಾಕಿ ಹೋದರು. ಸಂಜೆ ಬಂದರೆ ಬಾಗಿಲು ಹಾರುಹೊಡೆದಿತ್ತು. ಅಜ್ಜಿ ಒಳಗಿನಿಂದ ಬೀಗದ ಹಲಗೆಯ ಸ್ಕ್ರೂ ಬಿಚ್ಚಿ, ತಲೆಪಿನ್ನಿನಿಂದ ಬೀಗ ಬಿಡಿಸಿದ್ದರು.

"ಊರಲ್ಲಿ ಯಾರೂ ತೆಗೆಯೋಕಾಗದ ಬೀಗ ಮಾಡಿದೀನಿ ಅಂತ ಬೀಗ್ತಾ ಇದ್ದೆ. ತೆಗೆಯೋಕೆ ಬರೋ ಒಬ್ಬಳನ್ನೇ ಒಳಗೆ ಕೂಡಿಹಾಕಿದ್ದೆ" ಎನ್ನುತ್ತಾರೆ ಅಜ್ಜ.

ಆ ಸಂಜೆ ಅಜ್ಜಿ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಸುದ್ದಿ ಕೇಳಿ ಬಂದ ಮಗಳು ಅಳುತ್ತಲೇ ಒಂದು ಮಾತು ಹೇಳಿದಳು. ಮರೆವಿನವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದು ತನ್ನ ಊರಲ್ಲಿದೆ, ಅಮ್ಮನನ್ನು ಅಲ್ಲಿ ಬಿಡೋಣ. ಅಜ್ಜ ಒಮ್ಮೆ ಹೋಗಿ ಆ ಜಾಗ ನೋಡಿ ಬಂದರು. ಜಾಗ ಚೊಕ್ಕಟವಾಗಿತ್ತು, ಅಲ್ಲಿನವರು ಒಳ್ಳೆಯವರು. ಆದರೂ ಅವರ ಬಾಯಿಂದ ಹ್ಞೂಂ ಬರಲಿಲ್ಲ. ಹೆಂಡತಿ ಕೊನೆಯವರೆಗೂ ತಮ್ಮ ಮನೆಯಲ್ಲೇ ಇರಬೇಕು ಎಂಬ ಒಂದೇ ಹಟ. ಅಪ್ಪ ಮಗಳು ಒಂದು ಒಪ್ಪಂದಕ್ಕೆ ಬಂದರು. ಬಾಗಿಲಿಗೆ ಒಳಗಿನಿಂದ ಬಿಚ್ಚಲಾಗದ ಬೇರೆ ಚಿಲಕ. ಗೋಡೆಗೆ ಒಂದು ಕ್ಯಾಮೆರಾ. ಅಪ್ಪ ಹೊರಗಿದ್ದಾಗ ಮಗಳು ಅಲ್ಲಿಂದಲೇ ಫೋನಿನಲ್ಲಿ ಅಮ್ಮನನ್ನು ನೋಡಿಕೊಳ್ಳಬಹುದು, ಏನಾದರೂ ಆದರೆ ಕೆಳಗಿನ ಮನೆಯವರಿಗೆ ಫೋನು ಮಾಡಿ ಕಳಿಸಬಹುದು.

ಕ್ಯಾಮೆರಾ ಮುಷ್ಟಿಗಿಂತ ಚಿಕ್ಕದು. ಬೆಲೆಯೂ ಅಗ್ಗ. ಅಗ್ಗದ ಮಾಲು ಯಾಕೆ ಅಗ್ಗ ಎಂಬುದು ಆಮೇಲೆ ಒಂದೊಂದಾಗಿ ತಿಳಿಯಿತು. ಹಿಂದಿನ ದಿನದ ಚಿತ್ರ ನೋಡಬೇಕಾದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು. ಅದನ್ನು ನಡೆಸುವ ಆ್ಯಪ್ ಮಗಳ ಫೋನಿನಲ್ಲಿರುವ ಎಲ್ಲರ ನಂಬರು ಕೇಳಿತು. ಕೊಡದಿದ್ದರೆ ಮುಂದಕ್ಕೆ ಹೋಗಲಿಲ್ಲ. ಡಬ್ಬಿಯ ಮೇಲಿದ್ದ ದೂರಿನ ನಂಬರಿಗೆ ಕರೆ ಮಾಡಿದರೆ ಸಂಗೀತ ಕೇಳಿಸುತ್ತಿತ್ತೇ ಹೊರತು ಮನುಷ್ಯರು ಸಿಗುತ್ತಿರಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಅಜ್ಜನದೇ. ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಒಳ್ಳೆಯ ಬೀಗಗಳ ಪಕ್ಕೆಯಲ್ಲಿ ಒಂದು ನಂಬರು ಕೊರೆದಿರುತ್ತದೆ. ಕೀಲಿಕೈ ಕಳೆದರೆ ಆ ನಂಬರು ನೋಡಿ ಹೊಸದು ಕತ್ತರಿಸಬಹುದು. ಅದನ್ನು ಅಳಿಸಬೇಡಿ, ನಂಬರು ಹೋದರೆ ಬೀಗವೇ ಹೋದಂತೆ ಎಂದು ಅಜ್ಜ ಗಿರಾಕಿಗಳಿಗೆ ಹೇಳುತ್ತಲೇ ಬಂದಿದ್ದಾರೆ. ಕ್ಯಾಮೆರಾದ ತಳದಲ್ಲೂ ಗುಟ್ಟಿನ ನಂಬರಿನ, ಅಂದರೆ ಪಾಸ್‌ವರ್ಡಿನ, ಒಂದು ಚೀಟಿ ಅಂಟಿತ್ತು. ಮಗಳು ಅದನ್ನು ಬದಲಾಯಿಸಲು ಹೊರಟಾಗ ಅಜ್ಜ ತಡೆದರು.

"ಕಂಪನಿ ನಂಬರು ಮುಟ್ಟಬಾರದಮ್ಮ. ನಾಳೆ ಮರೆತು ಹೋದ್ರೆ ಯಾರು ತೆಗೀತಾರೆ?"

ಅಪ್ಪನಿಗೆ ಗೊತ್ತಿರದ ಬೀಗವೇ ಎಂದುಕೊಂಡು ಮಗಳು ನಂಬರನ್ನು ಹಾಗೇ ಬಿಟ್ಟಳು.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದಕ್ಕಿಂತಲೂ ಹೆಚ್ಚು. ಮಧ್ಯಾಹ್ನ ಅಜ್ಜ ಮನೆಗೆ ಬಂದರೆ ಅಜ್ಜಿಯ ತಟ್ಟೆ ಖಾಲಿಯಾಗಿರುತ್ತಿತ್ತು. ಮೂರು ತುತ್ತಿಗೆ ಮುಖ ತಿರುಗಿಸುತ್ತಿದ್ದವರು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. ಏನು ವಿಶೇಷ ಎಂದು ಕೇಳಿದರೆ, ಮಗ ಮಾತಾಡಿದ ಎನ್ನುತ್ತಿದ್ದರು. ಮಗಳು ಕ್ಯಾಮೆರಾದಿಂದ ಮಾತಾಡುತ್ತಿರಬೇಕು, ಇವಳಿಗೆ ಮಗ ಮಗಳು ಎಲ್ಲ ಕಲಸಿಹೋಗಿದೆ ಎಂದುಕೊಂಡರು ಅಜ್ಜ. ಒಂದು ದಿನ ಮಗಳಿಗೆ ಫೋನು ಮಾಡಿ, ದಿನಾ ಅಮ್ಮನ ಜೊತೆ ಮಾತಾಡಿ ಊಟ ಮಾಡಿಸುತ್ತೀಯಲ್ಲ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದರು.

"ನಾನು ಮಾತಾಡಿಲ್ಲ ಅಪ್ಪಾ" ಎಂದಳು ಮಗಳು. "ಅದರಲ್ಲಿ ಮಾತಾಡೋಕಾಗುತ್ತೆ ಅಂತಾನೇ ನಂಗೆ ಗೊತ್ತಿಲ್ಲ."

ಮರುದಿನ ಅಜ್ಜ ಚೀಲ ಹೆಗಲಿಗೇರಿಸಿ, ಬಾಗಿಲು ಸದ್ದು ಮಾಡಿ ಹಾಕಿ, ಹೊರಗೆ ಹೋಗದೆ ಅಡಿಗೆಮನೆಯಲ್ಲಿ ನಿಂತರು. ಊಟದ ಹೊತ್ತಿಗೆ ಗೋಡೆ ಮಾತಾಡಿತು. ಹರೆಯದ ಗಂಡಸಿನ ದನಿ, ಬಹಳ ಸಮಾಧಾನದ ದನಿ.

"ಊಟ ಮಾಡಮ್ಮ. ಮಾಡಿದ್ರೆ ತಾನೇ ನಾನು ಮಾತಾಡೋದು?"

ಅಜ್ಜಿ ಮಗುವಿನಂತೆ ತುತ್ತು ಎತ್ತಿದರು. ಎರಡು ತುತ್ತು ಆದ ಮೇಲೆ ಆ ದನಿ ಅಷ್ಟೇ ಪ್ರೀತಿಯಿಂದ ಕೇಳಿತು, ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ? ಬೀರುವಿನ ಕೀಲಿ ಎಲ್ಲಿಡ್ತಾರೆ?

ಮಗನ ದನಿಯೆಂದೇ ನಂಬಿದ್ದ ಅಜ್ಜಿ ಎಲ್ಲ ಹೇಳಿದರು. ಹಿಂದೆಯೂ ಎಷ್ಟು ಸಲ ಹೇಳಿದ್ದರೋ.

ಅಜ್ಜ ಹೊರಬಂದು ಕ್ಯಾಮೆರಾದ ಮೇಲೆ ಟವೆಲ್ಲು ಎಸೆದರು, ತಂತಿ ಕಿತ್ತರು. ಆಮೇಲೆ ವಿಚಾರಿಸಿದಾಗ ತಿಳಿದದ್ದು, ತಳದ ಚೀಟಿಯಲ್ಲಿದ್ದ ಗುಟ್ಟಿನ ನಂಬರು ಆ ಮಾದರಿಯ ಕ್ಯಾಮೆರಾಗಳಿಗೆಲ್ಲ ಒಂದೇ, ಅದು ಗೊತ್ತಿದ್ದ ಯಾರಾದರೂ ದೂರದಿಂದಲೇ ಒಳಹೊಕ್ಕು ಮಾತಾಡಬಹುದು. ಅಜ್ಜನಿಗೆ ಅದನ್ನು ನಂಬಲು ಬಹಳ ಹೊತ್ತು ಬೇಕಾಯಿತು. ಎಂಥ ಕಳಪೆ ಬೀಗದವನೂ ಮಾರುವ ಬೀಗಕ್ಕೆಲ್ಲ ಒಂದೇ ಕೀಲಿಕೈ ಕೊಡುವುದಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಂಡವನು ಏನು ಕಳುವಾಗಿದೆ ಎಂದು ಕೇಳಿದ. ಅಜ್ಜ ಯೋಚಿಸಿ, ಏನೂ ಇಲ್ಲ ಎಂದರು. ಅವನು ನಿಟ್ಟುಸಿರು ಬಿಟ್ಟು, ಮತ್ತೇನು, ದೇವರು ದೊಡ್ಡವನು ಎಂದ. ಅಜ್ಜ ಮನೆಗೆ ಬಂದು ಬಾಗಿಲ ಬೀಗ ಬದಲಾಯಿಸಿದರು. ಗಿರಾಕಿಗಳ ಕೀಲಿಕೈ ಒಂದನ್ನೂ ಮನೆಯಲ್ಲಿ ಇಟ್ಟುಕೊಳ್ಳದ ತಮ್ಮ ಅಭ್ಯಾಸ ನೆನೆದು ಕೈ ಮುಗಿದರು.

ಕಳುವಾದದ್ದು ಏನೆಂದು ತಿಳಿದದ್ದು ಮರುದಿನದ ಊಟದ ಹೊತ್ತಿಗೆ. ಅಜ್ಜಿ ತಟ್ಟೆ ಮುಟ್ಟಲಿಲ್ಲ. ಗೋಡೆಯ ಬರಿಯ ಮೊಳೆಯನ್ನು ನೋಡುತ್ತ ಕೂತರು. ಅದರ ಮಾರನೆಯ ದಿನವೂ ಹಾಗೇ. ಯಾಕೋ ಕೋಪ ಅವನಿಗೆ, ನಾನೇನು ಅಂದೆ ಎಂದು ಮೊಳೆಯನ್ನೇ ಕೇಳುತ್ತಿದ್ದರು. ಅಜ್ಜ ಅಂಗಡಿ ಮುಚ್ಚಿದರು. ಕೆಲಸಕ್ಕೆ ಕರೆ ಬಂದರೆ ಹೆಂಡತಿಯನ್ನೂ ಕರೆದೊಯ್ಯಲು ಶುರುಮಾಡಿದರು. ಸ್ಟೂಲು ಬಂದದ್ದು ಆಗಲೇ. ಮಡಿಲಲ್ಲಿ ಚೀಲ ಇದ್ದರೆ ಅಜ್ಜಿಯ ಕೈಗಳಿಗೆ ಜೀವ ಬರುತ್ತದೆ, ಆದರೆ ಮನೆಗೆ ಬಂದು ತಟ್ಟೆ ಮುಂದಿಟ್ಟರೆ ಮತ್ತೆ ಅದೇ ಮೊಳೆ. ಮೈ ಇಳಿಯುತ್ತ ಬಂತು. ಹೀಗೇ ಆದರೆ ಮೂಗಿಗೆ ಹಾಕಿದ ನಳಿಗೆಯಲ್ಲಿ ಊಟ ಕೊಡಬೇಕಾಗುತ್ತದೆ, ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ ಎಂದರು ವೈದ್ಯರು. ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಹಿಡಿದಿಟ್ಟಿದ್ದಾರೆ ಎಂದಳು ಮಗಳು.

ಕೆಳಗಿನ ಮನೆಯಾಕೆ ಸಮಾಧಾನ ಹೇಳಲು ಬಂದು, ಈಗ ಇನ್ನೂ ಒಳ್ಳೇ ಕ್ಯಾಮೆರಾ ಬಂದಿವೆ ಅಜ್ಜ, ಇನ್ನೊಂದು ಹಾಕಿಸಿ ಎಂದರು. ಅಜ್ಜ ಬೇಡ ಎಂದು ತಲೆಯಾಡಿಸಿದರು.

"ನನ್ನ ಬೀಗ ಬಾಗಿಲಲ್ಲೇ ಇರುತ್ತಮ್ಮ. ಕೆಟ್ಟರೆ ನನ್ನ ಕೈಗೆ ಸಿಗುತ್ತೆ. ಇವುಗಳ ಬೀಗ ಎಲ್ಲೋ ಇರುತ್ತೆ, ಯಾರ ಕೈಲೋ ಇರುತ್ತೆ. ಒಳ್ಳೇದು ಇರಬಹುದು, ಇಲ್ಲ ಅನ್ನಲ್ಲ. ನಂಗೆ ಅದನ್ನ ತೂಗಿ ನೋಡೋ ತಕ್ಕಡಿ ಇಲ್ಲ."

ಅಜ್ಜ ಬೇರೊಂದು ದಾರಿ ಹಿಡಿದದ್ದು ವೈದ್ಯರು ಹೇಳಿದ ವಾರದಲ್ಲೇ. ಬೆಳಗಿನ ಪ್ರಾರ್ಥನೆಯಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಮಧ್ಯಾಹ್ನ ತಟ್ಟೆಯನ್ನು ಹೆಂಡತಿಯ ಮುಂದಿಟ್ಟು, ಅಡಿಗೆಮನೆಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತು, ಗಂಟಲು ತೆಳ್ಳಗೆ ಮಾಡಿಕೊಂಡು ಹೇಳಿದರು, "ಊಟ ಮಾಡಮ್ಮ."

"ಕಳ್ಳ ಹಾಕಿದ ಕೀಲೀನೇ ನಾನೂ ಹಾಕಿದೆ. ಸುಳ್ಳು ಅಂತ ಗೊತ್ತು. ಸತ್ತ ಮಗನ ದನಿ ತಂದೆ. ದೇವರ ಮುಂದೆ ಇದಕ್ಕೆ ಏನು ಉತ್ತರ ಕೊಡ್ಲಿ ಅಂತ ಇವತ್ತಿಗೂ ಗೊತ್ತಿಲ್ಲ" ಎನ್ನುತ್ತಾರೆ.

ಗೋಡೆಯ ಆಚೆ ಚಮಚದ ಸದ್ದಾಯಿತು. ಒಂದು ತುತ್ತು, ಇನ್ನೊಂದು ತುತ್ತು. ಅಜ್ಜ ಗೋಡೆಗೆ ಹಣೆ ಹಚ್ಚಿ ನಿಂತೇ ಇದ್ದರು. ಸದ್ದು ನಿಂತಿತು.

"ನಿಮ್ಮಪ್ಪ ಊಟ ಮಾಡಿದ್ರೇನೋ?" ಎಂದು ಕೇಳಿದರು ಅಜ್ಜಿ.

ಎಷ್ಟೋ ಕಾಲದಿಂದ ಆ ಮನೆಯಲ್ಲಿ ಅಜ್ಜ ಬೀಗದವರೇ ಎಂಬ ಕರೆ ಬಿಟ್ಟು ಬೇರೆ ಕೇಳಿರಲಿಲ್ಲ. ಅದೇ ತೆಳ್ಳಗಿನ ದನಿಯಲ್ಲಿ, ಇನ್ನೂ ಇಲ್ಲಮ್ಮ ಎಂದರು.

"ಅವರು ಯಾವಾಗಲೂ ಹಾಗೇನೇ. ಕೆಲಸ ಸಿಕ್ಕಿದ್ರೆ ಹಸಿವು ಮರೀತಾರೆ. ಹೋಗಿ ಕರ್ಕೊಂಡು ಬಾ, ತಣ್ಣಗಾಗುತ್ತೆ."

ಅಜ್ಜ ತಮ್ಮ ತಟ್ಟೆ ಹಿಡಿದು ಹೋಗಿ ಎದುರಿಗೆ ಕೂತರು. ಅಜ್ಜಿ ತಲೆಯೆತ್ತಿ ನೋಡಿ, ಬನ್ನಿ ಬೀಗದವರೇ ಎಂದು ಉಪಚರಿಸಿ ಮತ್ತೆ ತಮ್ಮ ಊಟದ ಕಡೆ ತಿರುಗಿದರು.

ಅಂದಿನಿಂದ ದಿನಾ ಮಧ್ಯಾಹ್ನ ಹೀಗೇ ನಡೆಯುತ್ತಿದೆ. ಅಜ್ಜಿಯ ಮೈ ಸ್ವಲ್ಪ ಹಿಡಿದಿದೆ. ಆರೈಕೆ ಮನೆಯ ಹಾಸಿಗೆಯನ್ನು ಮಗಳು ಇನ್ನೂ ಬಿಟ್ಟುಕೊಟ್ಟಿಲ್ಲ, ಬಿಡು ಎಂದು ಹೇಳುವ ಧೈರ್ಯ ಅಜ್ಜನಿಗೂ ಬಂದಿಲ್ಲ. ಈ ದನಿಯ ಸಂಗತಿಯನ್ನು ಅವರು ಫೋನಿನಲ್ಲಿ ಹೇಳಿದಾಗ ಅವಳು, ಮಾಡಿ ಅಪ್ಪಾ ಎಂದಷ್ಟೇ ಅಂದಳು.

ದೇವರ ಹತ್ತಿರ ಏನು ಕೇಳಿಕೊಳ್ಳುತ್ತೀರಿ ಎಂದರೆ ಅಜ್ಜ ಹೆಂಡತಿಯ ಕಡೆ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ:

"ಅವಳಿಗೆ ನನ್ನ ಗುರುತು ಸಿಗಲಿ ಅಂತ ಕೇಳೋದು ಬಿಟ್ಟಿದೀನಿ. ಅವಳು ನಮ್ಮ ಮನೇಲೇ ಉಣ್ಣಲಿ. ಉಣ್ಣೋವಾಗ ನಿಮ್ಮಪ್ಪ ಊಟ ಮಾಡಿದ್ರಾ ಅಂತ ಒಂದು ಸಲ ಕೇಳಲಿ. ಅಷ್ಟು ಸಾಕು."