ತೆರೆಯದೆ ಉಳಿದ ಹತ್ತೊಂಬತ್ತು ಸುತ್ತು

ಅವರನ್ನು ಎಲ್ಲರೂ ಲೆಕ್ಕದ ಮೇಷ್ಟ್ರು ಎನ್ನುತ್ತಿದ್ದರು. ಹಾಗಂತ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಂಗಡಿ ಕಟ್ಟಡ, ಗೋದಾಮು, ಆಫೀಸುಗಳಲ್ಲಿ ಬೆಂಕಿ ಆರಿಸಲೆಂದು ಇಟ್ಟಿರುವ ನೀರಿನ ಹೈಡ್ರಂಟುಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಿ, ಗ್ರೀಸ್ ಹಚ್ಚಿ, ಸವೆದ ವಾಷರ್ ಬದಲಿಸಿ, ರಿಪೋರ್ಟಿಗೆ ಸಹಿ ಹಾಕುವುದು ಅವರ ಕೆಲಸ. ವಾಲ್ವ್ ತಿರುಗಿಸುವಾಗ ಬಾಯಿಬಿಟ್ಟು ಎಣಿಸುತ್ತಿದ್ದರು. ಮುಚ್ಚುವಾಗ ಎಷ್ಟು ಸುತ್ತು ಹಾಕಿದರೋ ತೆರೆಯುವಾಗಲೂ ಅಷ್ಟೇ ಸುತ್ತು ಆಗಬೇಕು. "ಮೇಷ್ಟ್ರೇ, ಮಗ್ಗಿ ಎಲ್ಲಿಗೆ ಬಂತು?" ಎಂದು ಕಾವಲುಗಾರರು ಕಿಚಾಯಿಸಿದರೆ ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಉತ್ತರ ಕೊಟ್ಟರೆ ಎಣಿಕೆ ತಪ್ಪುತ್ತದಲ್ಲ!

ಅವರ ಪಾಲಿಗೆ ಬಂದ ಕಟ್ಟಡಗಳಲ್ಲಿ ನಾಲ್ಕು ಮಹಡಿಯ ಒಂದು ಬಟ್ಟೆ ಅಂಗಡಿಯೂ ಇತ್ತು. ಹೆಂಡತಿಯ ತಮ್ಮನಿಗೆ ಅಲ್ಲಿ ಸೆಕ್ಯೂರಿಟಿ ಕೆಲಸ ಕೊಡಿಸಿದವರು ಇವರೇ. ಹೋಸ್ ಪೈಪ್ ಹೇಗೆ ಬಿಚ್ಚಬೇಕು, ಹೈಡ್ರಂಟಿನ ಚಕ್ರವನ್ನು ಯಾವ ಕಡೆ ತಿರುಗಿಸಬೇಕು ಎಂದು ಕೈ ಹಿಡಿದು ಕಲಿಸಿದವರೂ ಇವರೇ. ಭಾವ ಹೇಳಿದ್ದೆಂದರೆ ಆ ಹುಡುಗನಿಗೆ ಎರಡನೇ ಮಾತಿಲ್ಲ. ಹುಡುಗ ಎಂದೆ; ಮೂವತ್ತೆಂಟು ದಾಟಿದವನು, ಅಕ್ಕನ ಕಣ್ಣಿಗೆ ಮಾತ್ರ ಇನ್ನೂ ಹುಡುಗ.

ಎರಡು ತಿಂಗಳ ಹಿಂದೆ, ಮಧ್ಯಾಹ್ನ ಊಟದ ಹೊತ್ತಿಗೆ, ಮೂರನೇ ಮಹಡಿಯ ದಾಸ್ತಾನು ಕೋಣೆಗೆ ಬೆಂಕಿ ಬಿತ್ತು. ಭಾವಮೈದುನ ಓಡಿಹೋಗಿ ಹೋಸ್ ಎಳೆದು ಚಕ್ರ ತಿರುಗಿಸಿದ. ಒಂದು ಗಳಿಗೆ ನೀರು ಚಿಮ್ಮಿತು, ಆಮೇಲೆ ತೊಟ್ಟಿಕ್ಕಿತು. ಅವನು ನಿಂತಲ್ಲೇ ನಿಂತು ಕೂಗಿದ, ಹೊಗೆ ತಡೆಯಲಾರದೆ ಕೆಳಗೆ ಬಂದ. ಅಗ್ನಿಶಾಮಕ ವಾಹನ ತನ್ನ ನೀರು ತಂದು ಆರಿಸುವಷ್ಟರಲ್ಲಿ ಆ ಮಹಡಿ ಸುಟ್ಟು ಕರಕಲಾಗಿತ್ತು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ವಿಚಾರಣೆಯಲ್ಲಿ ಮ್ಯಾನೇಜರು ಮೇಷ್ಟ್ರ ರಿಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ನಾಲ್ಕು ಪರೀಕ್ಷೆ, ನಾಲ್ಕು ಸಹಿ, ನಾಲ್ಕರಲ್ಲೂ "ಸರಿಯಾಗಿದೆ". ಅಂದ ಮೇಲೆ ತಪ್ಪು ಯಾರದು? ಗಾಬರಿಬಿದ್ದು ಚಕ್ರವನ್ನು ಪೂರ್ತಿ ತಿರುಗಿಸದವನದು. ಅವನನ್ನು ಕೆಲಸದಿಂದ ತೆಗೆದರು.

ಮನೆಯಲ್ಲೂ ಅದೇ ತೀರ್ಪು. "ಎಡಕ್ಕೆ ಪೂರ್ತಿ ತಿರುಗಿಸು ಅಂತ ನೂರು ಸಲ ಹೇಳಿದ್ದೆ," ಎಂದಿದ್ದರು ಮೇಷ್ಟ್ರು, ಅವನೆದುರೇ. ಹೆಂಡತಿ ನಾಚಿಕೆಯಿಂದ ಕುಗ್ಗಿಹೋದಳು. ಗಂಡನ ಹೆಸರಿಗೆ ಮಸಿ ಬಳಿದ ಎಂದು ತಮ್ಮನೊಂದಿಗೆ ಮಾತು ಬಿಟ್ಟಳು.

ಆಮೇಲೆ ವಿಮೆಯವರು ಹೊಸ ಪಟ್ಟು ಹಿಡಿದರು: ನೀರು ಹರಿಸಿಯೇ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಮೇಷ್ಟ್ರು ಹೈಡ್ರಂಟಿನ ಬಾಯಿಗೆ ನೀರಿನ ಒತ್ತಡ ತೋರಿಸುವ ಗೇಜ್ ಕಟ್ಟಿ, ಮುಳ್ಳು ಏಳಕ್ಕೆ ಬಂದರೆ ಬರೆದುಕೊಂಡು ಬರುತ್ತಿದ್ದರು. ನೀರು ಬಿಟ್ಟರೆ ನೆಲ ಹಾಳಾಗುತ್ತದೆ, ಬಟ್ಟೆ ಒದ್ದೆಯಾಗುತ್ತದೆ ಎಂದು ಮ್ಯಾನೇಜರು ಬಿಡುತ್ತಿರಲಿಲ್ಲ. ಇವರೂ ಹಟ ಹಿಡಿದಿರಲಿಲ್ಲ. ಈಗ ಹೋಸನ್ನು ಮೆಟ್ಟಿಲ ಕಿಟಕಿಯಿಂದ ಹೊರಗೆ ಇಳಿಬಿಟ್ಟು ಚಕ್ರ ತಿರುಗಿಸಿದರು. ಏಳರಲ್ಲಿದ್ದ ಮುಳ್ಳು ಒಂದಕ್ಕಿಂತ ಕೆಳಗೆ ಬಿತ್ತು. ಕಿಟಕಿಯಾಚೆ ನೀರು ಅಳುಮೋರೆ ಹಾಕಿಕೊಂಡು ಇಳಿಯಿತು.

ಮೇಷ್ಟ್ರು ತಟ್ಟನೆ ಚಕ್ರ ಮುಚ್ಚಿದರು. ನೆಲಮಾಳಿಗೆಗೆ ಇಳಿದು, ಎಲ್ಲ ಹೈಡ್ರಂಟುಗಳಿಗೂ ನೀರು ಬಿಡುವ ಮುಖ್ಯ ವಾಲ್ವಿನ ಗುಂಡಿಯ ಮುಚ್ಚಳ ಎತ್ತಿ, ಉದ್ದನೆಯ ಕೀಲಿ ಹಾಕಿ ತೆರೆಯುವ ಕಡೆಗೆ ತಿರುಗಿಸಿದರು. ಮೊದಲೇ ಪೂರ್ತಿ ತೆರೆದಿದ್ದರೆ ತಿರುಗಬಾರದಿತ್ತು. ತಿರುಗಿತು. ಹತ್ತೊಂಬತ್ತು ಸುತ್ತು ತಿರುಗಿ ನಿಂತಿತು.

ಅದು ಒಟ್ಟು ಇಪ್ಪತ್ತೆರಡು ಸುತ್ತಿನ ವಾಲ್ವು. ಎರಡು ವರ್ಷದ ಹಿಂದೆ ಅದನ್ನು ಮುಚ್ಚಿ ಪೈಪಿನ ವಾಷರ್ ಬದಲಿಸಿದವರು ಇವರೇ. ತೆರೆಯಲು ಶುರುಮಾಡಿ ಮೂರನೇ ಸುತ್ತಿಗೆ ಬಂದಾಗ ಮ್ಯಾನೇಜರು ಕರೆದಿದ್ದರು, ಮೇಲೆ ಇನ್ನೊಂದು ಕಡೆ ಸೋರುತ್ತಿದೆ ಎಂದು. ಮುಗಿಸಿ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಗೇಜ್ ನೋಡಿದರೆ ಏಳು ತೋರಿಸುತ್ತಿತ್ತು. ವಾಲ್ವು ಕೂದಲೆಳೆಯಷ್ಟು ತೆರೆದಿದ್ದರೂ ನಿಂತ ನೀರು ಹಾಗೆಯೇ ತೋರಿಸುತ್ತದೆ; ಹರಿಯುವಾಗಲೇ ಅದರ ಬಣ್ಣ ಬಯಲಾಗುವುದು. ಈ ವಿದ್ಯೆ ಗೊತ್ತಿಲ್ಲದವರೇನಲ್ಲ ಅವರು. ಆದರೂ ತೆರೆದಾಗಿದೆ ಎಂದುಕೊಂಡು ಮುಚ್ಚಳ ಹಾಕಿ ಮನೆಗೆ ಹೋಗಿದ್ದರು. ಇಡೀ ಊರಿಗೆ ಲೆಕ್ಕ ಹೇಳುವ ಮನುಷ್ಯ!

ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಾಲ್ವು ಈಗ ಪೂರ್ತಿ ತೆರೆದಿತ್ತು, ಇನ್ನು ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳುವ ಭಯವಿಲ್ಲ. ಮೇಲೆ ಹೋಗಿ ಮತ್ತೆ ನೀರು ಬಿಟ್ಟರು. ಹೋಸು ಬುಸುಗುಟ್ಟಿತು. ರಿಪೋರ್ಟಿನಲ್ಲಿ "ಸರಿಯಾಗಿದೆ" ಎಂದು ಬರೆದು, ಸಹಿ ಹಾಕಿ, ಕೈ ಒರೆಸಿಕೊಂಡು ಹೊರಟರು. ಹೌದು, ಅದನ್ನೂ ಮಾಡಿದರು. ಒಳ್ಳೆಯವರು ಇಂಥದ್ದು ಮಾಡುವುದಿಲ್ಲ ಎಂದುಕೊಳ್ಳುವವರು ಆ ಗುಂಡಿಯ ಪಕ್ಕ ಒಂದು ಗಳಿಗೆ ಒಬ್ಬರೇ ಕೂತು ನೋಡಲಿ.

ಮೂರು ದಿನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. "ಹುಷಾರಿಲ್ವೇನ್ರೀ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು ಅವರಿಗೆ. ಹೇಳಿದರೆ ತಮ್ಮ ಕೆಲಸ ಹೋಗುತ್ತದೆ, ಇಪ್ಪತ್ತಾರು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಈ ಎರಡನೆಯದೇ ಅವರನ್ನು ಹೆಚ್ಚು ಹೆದರಿಸಿತು.

ನಾಲ್ಕನೆಯ ದಿನ ಮ್ಯಾನೇಜರ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಮ್ಯಾನೇಜರು ಎದ್ದು ಬಾಗಿಲು ಹಾಕಿದರು.

"ಈಗ ನೀರು ಬರ್ತಿದೆ ತಾನೇ?"

"ಬರ್ತಿದೆ ಸಾರ್. ಆವತ್ತು ಬರ್ತಿರ್ಲಿಲ್ಲ."

"ಆವತ್ತು ಮುಚ್ಚಿತ್ತು ಅನ್ನೋಕೆ ಏನ್ರೀ ಸಾಕ್ಷಿ? ನಿಮ್ಮ ರಿಪೋರ್ಟೆಲ್ಲ ಸರಿ ಇದೆ ಅಂತಿವೆ. ಮೊನ್ನೇದೂ ಸೇರಿ."

ಮೇಷ್ಟ್ರ ಬಾಯಿಮಾತಿನ ಎದುರು ಅವರದೇ ಐದು ಸಹಿಗಳು ನಿಂತಿದ್ದವು. ತೋರಿಸೋಣವೆಂದರೆ ವಾಲ್ವನ್ನು ತಾವೇ ತೆರೆದುಬಿಟ್ಟಿದ್ದರು. ಕೊನೆಗೆ ಬಿಳಿ ಹಾಳೆ ತೆಗೆದು, ನಡೆದದ್ದನ್ನು ನಡೆದ ಹಾಗೆ ಬರೆದು, ಆರನೆಯ ಸಹಿ ಹಾಕಿ ಮೇಜಿನ ಮೇಲಿಟ್ಟರು.

"ಇದನ್ನ ಮೇಲಕ್ಕೆ ಕಳಿಸಿದ್ರೆ ನಿಮ್ಮ ಹೊಟ್ಟೆಗೆ ನೀವೇ ಕಲ್ಲು ಹಾಕ್ಕೊಂಡ ಹಾಗೆ," ಎಂದರು ಮ್ಯಾನೇಜರು.

"ಕಳ್ಸಿ ಸಾರ್. ನೀವು ಕಳಿಸದಿದ್ರೆ ನಾನೇ ಕೊಡ್ತೀನಿ."

ಇಷ್ಟನ್ನು ಹೇಗೋ ದಾಟಿದರು. ಭಾವಮೈದುನನ ಮನೆಯ ಮೆಟ್ಟಿಲು ಹತ್ತುವುದು ಇದಕ್ಕಿಂತ ಕಷ್ಟವಾಯಿತು. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋದರು, ಕಾರಣ ಹೇಳಲಿಲ್ಲ. ಅವಳು ಒಳಗೆ ಬರಲೊಲ್ಲದೆ ಹೊಸಿಲ ಹೊರಗೇ ನಿಂತಳು. ಭಾವಮೈದುನ ಗಡಬಡಿಸಿ ಎದ್ದು, ಇದ್ದ ಒಂದೇ ಕುರ್ಚಿಯನ್ನು ಮುಂದಕ್ಕೆ ತಳ್ಳಿದ. ಎರಡು ತಿಂಗಳಲ್ಲಿ ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ. ಮೇಷ್ಟ್ರು ಕೂರಲಿಲ್ಲ.

"ನೀನು ಸರಿಯಾಗೇ ತಿರುಗಿಸಿದ್ದೆ ಕಣೋ. ಕೆಳಗಿನ ವಾಲ್ವ್ ಪೂರ್ತಿ ತೆರೆದಿರ್ಲಿಲ್ಲ. ಹಾಗೆ ಬಿಟ್ಟವನು ನಾನು."

ಅವನು ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

"ದಿನಾ ಮನಸ್ಸಲ್ಲೇ ತಿರುಗಿಸಿ ನೋಡ್ತಿದ್ದೆ ಭಾವ," ಎಂದ ಅವನು. "ಎಡಕ್ಕೆ ಪೂರ್ತಿ ತಿರುಗಿಸಿದ ಹಾಗೇ ನೆನಪು. ಆದ್ರೆ ನೀವೂ ಇಲ್ಲ ಅಂದ್ರಲ್ಲ. ನೀವು ಹೇಳಿದ ಮೇಲೆ ನನ್ನ ನೆನಪೇ ಸುಳ್ಳು ಅಂದ್ಕೊಂಡೆ. ನಾಲ್ಕು ಜನರ ಮುಂದೆ, ಹೌದು, ನಾನೇ ಪೂರ್ತಿ ತಿರುಗಿಸ್ಲಿಲ್ಲ ಅಂತ ಒಪ್ಕೊಂಡೂ ಬಿಟ್ಟೆ."

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಇವರ ಕಡೆ ತಿರುಗಿದ.

"ಇನ್ನೊಂದ್ಸಲ ಹೇಳಿ ಭಾವ. ಸ್ವಲ್ಪ ಜೋರಾಗಿ. ಅಕ್ಕನಿಗೂ ಕೇಳ್ಲಿ."